ಗೌಡರ ಚಕ್ರಕ್ಕೆ ರಿಮ್ ಆರಿಸಿದ್ದು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಬ್ಬಳು ಸೈಕಲ್ ಅಂಗಡಿ ಇಟ್ಟಿದ್ದಳು. ರಿಮ್ ಆರಿಸಿ, ಅದಕ್ಕೆ ತಕ್ಕ ಉದ್ದದ ಸ್ಪೋಕ್ ಕಡ್ಡಿ ಹೆಣೆದು ಚಕ್ರ ಕಟ್ಟಿದಳೆಂದರೆ ಅದು ಸೊಟ್ಟಗಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಹಾಲು ಮಾರುವ ಮಾಬೂಸಾಬನ ಚಕ್ರ ಕಟ್ಟುತ್ತಿದ್ದಳು. ಅವನ ಹಾಲಿನ ಕ್ಯಾನು ಬಿಸಿಲಲ್ಲಿತ್ತು. ಆಗ ಎಣ್ಣೆಗಿರಣಿಯ ಚನ್ನವೀರಗೌಡರು ತಮ್ಮ ಸೊಟ್ಟ ಚಕ್ರವನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದರು.

"ಅದನ್ನ ಇಳಿಸು. ಮೊದಲು ನಂದು ಕಟ್ಟು."

"ಇವನ ಹಾಲು ಒಡೀತದ್ರಿ, ಗೌಡ್ರ."

"ಒಡೀಲಿ. ನಿನ್ನ ಅಂಗಡಿ ಜಾಗಾ ಯಾರದು?"

ಜಾಗ ಗೌಡರದೇ. ಅವಳು ಕೈ ಒರೆಸಿಕೊಂಡು ಎದ್ದಳು.

"ಆಗ್ಲಿರಿ. ಗಟ್ಟಿ ರಿಮ್ ಹಾಕಲೋ, ಹಗುರದ್ದೋ?"

"ಹಗುರದ್ದು. ಸೈಕಲ್ ತುಳದು ತುಳದು ನಾ ಅರ್ಧ ಆಗೇನಿ." ತೂಕ ಇಳಿದಿದೆಯೆಂದು ಪೇಟೆಯ ತುಂಬ ಅವರು ಹೇಳಿಕೊಂಡು ತಿರುಗುತ್ತಿದ್ದರು.

"ಹಂಗಾರ ತೂಕ ನೋಡೇ ಆರಿಸಬೇಕ್ರಿ. ರಿಮ್ ಬದಲಾದ್ರ ಕಡ್ಡಿ ಉದ್ದಾನೂ ಬದಲಾಗ್ತದ." ಎದುರಿನ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುವ ಕಾಟಾ ಇತ್ತು. ಅವಳು ಅಲ್ಲಿಗೆ ಕೂಗಿದಳು, "ಅಣ್ಣಾ, ಕಾಟಾದ ಮ್ಯಾಲಿನ ಚೀಲ ಇಳಿಸು! ಗೌಡ್ರು ನಿಲ್ತಾರ!"

ಹಮಾಲರೆಲ್ಲ ಕೆಲಸ ಬಿಟ್ಟು ಓಡಿ ಬಂದರು. ಗೌಡರು ಕಾಟಾ ನೋಡಿದರು, ಜನರನ್ನು ನೋಡಿದರು, ಹಣೆಯ ಬೆವರು ಒರೆಸಿಕೊಂಡರು.

"ಪಾಪ, ಹಾಲು ಒಡೀತದ," ಎಂದರು. "ಅವಂದು ಮೊದಲು ಮುಗಿಸು. ನನಗೇನು ಅವಸರ?"

ಮಾಬೂಸಾಬ ಹಾಲು ಕೆಡುವ ಮೊದಲೇ ಮನೆಮನೆಗೆ ಮುಟ್ಟಿಸಿದ. ಮಧ್ಯಾಹ್ನ ಗೌಡರ ಆಳು ಒಬ್ಬನೇ ಬಂದು ಅವಳ ಕಿವಿಯಲ್ಲಿ ಹೇಳಿದ:

"ಅಕ್ಕಾರ, ಇದ್ದದ್ದರಾಗ ಗಟ್ಟಿ ರಿಮ್ಮು, ದಪ್ಪ ಕಡ್ಡಿ ಹಾಕ್ಬೇಕಂತ್ರಿ. ನೋಡಾವ್ರಿಗೆ ಮಾತ್ರ ಹಗುರ ಕಾಣಬೇಕಂತ."