ಶಾಸಕರ ಪರಿಚಯ ಭಾಷಣ ಮತ್ತು ತೊರೆಪಾಳ್ಯದ ಸೇತುವೆ

೧೯೯೦ರ ಫೆಬ್ರುವರಿ ೧೧, ಭಾನುವಾರ. ನನ್ನ ಹಳೆಯ ಡೈರಿಯಲ್ಲಿ ಆ ದಿನ ಹೀಗಿದೆ: "ಬೆಳಿಗ್ಗೆ ಅವರೆಕಾಳಿನ ಉಪ್ಪಿಟ್ಟು. ಪಂಚಾಕ್ಷರಿ ಮೂರು ಸಲ ಹಾಕಿಸಿಕೊಂಡ. ಮೂರು ಸಲ ನಿಂತೆ, ಮೂರು ಸಲ ಗೆದ್ದೆ ಎಂದು ಅಷ್ಟೇ ಸಲ ಹೇಳಿದ."

ಪಂಚಾಕ್ಷರಪ್ಪ ನನ್ನ ಮೈದುನ, ಬಾಣದಹಳ್ಳಿ ಕ್ಷೇತ್ರದ ಶಾಸಕ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು. ಲೆಕ್ಕ ತಪ್ಪಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ನಿಂತದ್ದು ನಾಲ್ಕು ಸಲ ಕಣಪ್ಪ," ಎಂದೆ. "ಎಪ್ಪತ್ತೆಂಟರಲ್ಲಿ ಗೆದ್ದೆ. ಎಂಬತ್ತಮೂರರಲ್ಲಿ ಸೋತೆ. ಎಂಬತ್ತೈದರಲ್ಲೂ ಮೊನ್ನೆಯೂ ಗೆದ್ದೆ."

"ಅತ್ತಿಗೆ, ತಿನ್ನೋ ಹೊತ್ತಲ್ಲಿ ಆ ವರ್ಷದ ಹೆಸರು ಎತ್ತಬೇಡಿ!"

ಎದುರಿಗೆ ಅಡವೀಶ ಕೂತಿದ್ದ. ಚುನಾವಣೆ ಸಭೆಗಳಲ್ಲಿ ನಮ್ಮ ಮೈದುನ ಯಾವತ್ತೂ ಹೇಳಿದ ಹೊತ್ತಿಗೆ ಬಂದವನಲ್ಲ. ಅವನು ಬರುವ ತನಕ ಜನ ಎದ್ದುಹೋಗದಂತೆ ಮೈಕ್ ಹಿಡಿದು ಮಾತಾಡುವುದು ಅಡವೀಶನ ಕೆಲಸ. ಒಮ್ಮೆ ಜೀಪು ಕೆಟ್ಟು ಮೈದುನ ಬರುವುದು ಸಂಜೆಯಾದಾಗ, ಅಡವೀಶ ಜನರನ್ನು ಎಷ್ಟು ನಗಿಸಿದ್ದನೆಂದರೆ, ಶಾಸಕರು ಬಂದದ್ದೇ ಬೇಜಾರಾಯಿತು ಎಂದವರಿದ್ದರು.

"ಅಡವೀಶ, ಮುಂದಿನ ಭಾನುವಾರ ನನಗೆ ಸನ್ಮಾನ," ಎಂದ ಮೈದುನ. "ನನ್ನ ರಾಜಕೀಯ ಜೀವನದ ಪರಿಚಯ ಭಾಷಣ ನಿಂದೇ. ಸೋಲು ಅನ್ನೋದು ನಿನ್ನ ಬಾಯಲ್ಲಿ ಬರಕೂಡದು. ಹಾಗಂತ ಸುಳ್ಳೂ ಹೇಳಕೂಡದು. ಪೇಪರ್‌ನೋರು ಬಂದಿರ್ತಾರೆ. ಎರಡರಲ್ಲಿ ಒಂದು ತಪ್ಪಿದ್ರೂ ನೀನು ಮತ್ತೆ ಮೈಕ್ ಮುಟ್ಟೋ ಹಾಗಿಲ್ಲ."

"ಸೋಲೂ ಬೇಡ, ಸುಳ್ಳೂ ಬೇಡ. ಆಗಲಿ ಸಾಹೇಬ್ರೆ," ಎಂದ ಅಡವೀಶ. "ಅಂದಹಾಗೆ ಆ ತೊರೆಪಾಳ್ಯದ ಸೇತುವೆ..."

"ಆ ಊರಿನ ಹೆಸರೂ ಎತ್ತಬೇಡ!"

ಕಾರಣ ನಮಗೆಲ್ಲ ಗೊತ್ತು. ಎಂಬತ್ತಮೂರರಲ್ಲಿ ಎಣಿಕೆ ಮುಗಿಯುತ್ತ ಬರುವ ತನಕ ಮೈದುನ ಮುಂದಿದ್ದ. ಕೊನೆಗೆ ತೆರೆದದ್ದು ತೊರೆಪಾಳ್ಯದ ಪೆಟ್ಟಿಗೆ. ಅಲ್ಲಿಗೆ ಮುಗಿಯಿತು. ಅಂದಿನಿಂದ ಆ ಊರಿಗೆ ಒಂದು ಹಿಡಿ ಜಲ್ಲಿಯೂ ಹೋಗಿಲ್ಲ. ಮಳೆಗಾಲದಲ್ಲಿ ತೊರೆ ತುಂಬಿದರೆ ಊರು ಅತ್ತ, ರಸ್ತೆ ಇತ್ತ. ಅಡವೀಶನ ಮಗಳು ಶಿವಗಂಗೆಯನ್ನು ಕೊಟ್ಟಿರುವುದು ಅದೇ ಊರಿಗೆ. ಹಿಂದಿನ ಶ್ರಾವಣದಲ್ಲಿ ಅವಳು ಜ್ವರದ ಕೂಸನ್ನು ಎತ್ತಿಕೊಂಡು ಆಚೆ ದಡದಲ್ಲಿ ನಿಂತಿದ್ದಳು, ಈಚೆ ದಡದಲ್ಲಿ ಅಡವೀಶ ಔಷಧಿ ಹಿಡಿದು ನಿಂತಿದ್ದ. ನೀರು ಇಳಿಯುವ ತನಕ ಇಬ್ಬರೂ ಕೂಗಿ ಮಾತಾಡಿದ್ದೇ ಬಂತು.

ಸನ್ಮಾನದ ದಿನ ಪೇಟೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈದುನನಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಪೇಟ ಒಂದು ಅಳತೆ ದೊಡ್ಡದು, ಹುಬ್ಬಿನ ತನಕ ಇಳಿದಿತ್ತು. ಮನೆತನದ ಹಿರಿಯಳೆಂದು ನನ್ನನ್ನೂ ವೇದಿಕೆಯಲ್ಲಿ ಅವನ ಪಕ್ಕದಲ್ಲೇ ಕೂರಿಸಿದ್ದರು.

ಅಡವೀಶ ಶುರು ಮಾಡಿದ. "ನಮ್ಮ ಶಾಸಕರು ಯಾವ ವರ್ಷ ಗೆದ್ದರು ಅಂತ ಹೇಳಿ ನಿಮ್ಮ ಹೊತ್ತು ಕೆಡಿಸೋದಿಲ್ಲ. ವರ್ಷಗಳು ಕ್ಯಾಲೆಂಡರಿನಲ್ಲಿವೆ. ಕೆಲಸ ನಿಮ್ಮ ಊರಿನಲ್ಲಿದೆ. ಊರೂರಿನ ಕೆಲಸ ಹೇಳ್ತೀನಿ, ನಿಮ್ಮೂರಿನ ಹೆಸರು ಬಂದಾಗ ಚಪ್ಪಾಳೆ ಹೊಡೀರಿ!"

ಮೈದುನ ನನ್ನ ಕಡೆ ಬಾಗಿ, "ನೋಡಿದ್ರಾ ಅತ್ತಿಗೆ, ಜಾಣ!" ಎಂದ.

"ಸೀಗೆಕಟ್ಟೆಗೆ ಹೈಸ್ಕೂಲು!" ಚಪ್ಪಾಳೆ. "ಮುದ್ದಾಪುರಕ್ಕೆ ಆಸ್ಪತ್ರೆ!" ಚಪ್ಪಾಳೆ. "ಹೊಸಗುಡ್ಡಕ್ಕೆ ಕರೆಂಟು!" ಶಿಳ್ಳೆ. ಬಸ್ಸು ಹೋಗುವ ದಾರಿ ಹಿಡಿದಂತೆ ಒಂದೊಂದೇ ಊರು ದಾಟಿ ಬಂದ. ಆ ದಾರಿಯ ಕೊನೆಯ ಊರು ಯಾವುದೆಂದು ಎಲ್ಲರಿಗೂ ಗೊತ್ತು.

"ತೊರೆಪಾಳ್ಯಕ್ಕೆ..." ಎಂದವನು ನಿಂತ. ಲೋಟ ಎತ್ತಿ ನೀರು ಕುಡಿದ.

ಹಿಂದೆ ಕೂತಿದ್ದ ತೊರೆಪಾಳ್ಯದವರು ಎದ್ದು ನಿಂತರು. ಪೇಪರಿನವರು ಪೆನ್ನು ತೆಗೆದರು.

ಅಡವೀಶ ಮೈಕಿಗೆ ಅಂಗೈ ಮುಚ್ಚಿ ಮೈದುನನ ಕಡೆ ಬಾಗಿದ. "ಸಾಹೇಬ್ರೆ, ಈ ಊರಿಗೆ ಏನೂ ಆಗಿಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ಹೇಳಿದ್ರೆ ಸೋಲು ಹೇಳಿದಂಗಾಯ್ತು. ಸೇತುವೆ ಅಂದ್ರೆ ಸೋಲು ಬರಲ್ಲ. ಆದ್ರೆ ಸುಳ್ಳು ಆಗಕೂಡದು, ನೀವೇ ಹೇಳಿದ್ದು. ಯಾವುದು ಹೇಳಲಿ?"

"ಮುಂದಿನ ಊರಿಗೆ ಹೋಗೋ!"

"ಇದೇ ಕೊನೇ ಊರು ಸಾಹೇಬ್ರೆ. ಮುಂದೆ ತೊರೆ."

ಪೇಟದ ಕೆಳಗಿನಿಂದ ಬೆವರು ಇಳಿಯಿತು. ಮೈದುನ ನನ್ನ ಮುಖ ನೋಡಿದ. ನಾನು ಹಣ್ಣಿನ ಬುಟ್ಟಿ ನೋಡಿದೆ.

"ಸೇತುವೆ ಅನ್ನೋ, ಹಾಳಾದೋನೆ!"

"ಕಟ್ಟಿಸ್ತೀರಾ?"

"ಕಟ್ಟಿಸ್ತೀನಿ ಕಣೋ!"

ಅಡವೀಶ ಅಂಗೈ ತೆಗೆದ. "ತೊರೆಪಾಳ್ಯಕ್ಕೆ ಸೇತುವೆ ಕಟ್ಟಿಸ್ತೀನಿ ಅಂತ ನಮ್ಮ ಶಾಸಕರು ಇದೇ ವೇದಿಕೆಯಲ್ಲಿ, ಅವರ ಅತ್ತಿಗೆಯೋರ ಎದುರಿಗೆ, ಈಗ ತಾನೇ ಮಾತು ಕೊಟ್ಟಿದ್ದಾರೆ!"

ಚಪ್ಪಾಳೆ ನಿಲ್ಲುವ ಹೊತ್ತಿಗೆ ತೊರೆಪಾಳ್ಯದವರು ವೇದಿಕೆ ಹತ್ತಿ ಮೈದುನನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ಪೇಟ ಮೂಗಿನ ತನಕ ಇಳಿದಿತ್ತು.

ಮನೆಗೆ ಬಂದ ಮೇಲೆ ಮೈದುನ ಗುಡುಗಿದ. "ಜನ ನನ್ನ ಸೋಲು ಮರೀಲಿ ಅಂತ ಭಾಷಣ ಮಾಡಿಸಿದ್ರೆ, ನನ್ನ ತಲೆಗೇ ಸೇತುವೆ ಕಟ್ಟಿದೆಯಲ್ಲೋ!"

"ಜನ ಯಾವತ್ತೋ ಮರೆತಿದ್ರು ಸಾಹೇಬ್ರೆ," ಎಂದ ಅಡವೀಶ. "ಇಡೀ ಕ್ಷೇತ್ರದಲ್ಲಿ ಅದನ್ನ ಮರೀದೆ ಇದ್ದೋರು ಒಬ್ರೇ. ಅವರಿಗೆ ಮರೆಸೋಕೆ ಒಂದು ಸೇತುವೆ ಬೇಕಾಯ್ತು."

ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಸನ್ಮಾನದ ಶಾಲು ತೆಗೆದು ಅಡವೀಶನಿಗೆ ಹೊದಿಸಿದ.

ಸೇತುವೆ ಮರುವರ್ಷದ ಮಳೆಗೆ ಮೊದಲು ಮುಗಿಯಿತು. ಶ್ರಾವಣದಲ್ಲಿ ಶಿವಗಂಗೆ ಕೂಸನ್ನು ಎತ್ತಿಕೊಂಡು ಕಾಲು ಒದ್ದೆಯಾಗದಂತೆ ತವರಿಗೆ ಬಂದಳು. ಮುಂದಿನ ಚುನಾವಣೆಯಲ್ಲಿ ತೊರೆಪಾಳ್ಯದವರು ಮತ್ತೆ ಎದುರಾಳಿಗೇ ವೋಟು ಹಾಕಿದರು. ಮೈದುನ ಹೇಗೋ ಗೆದ್ದ.

ಇಷ್ಟಕ್ಕೆಲ್ಲ ಆದ ಖರ್ಚು: ಕಲ್ಲು, ಸಿಮೆಂಟು ಸರ್ಕಾರದ್ದು. ಮೈದುನನಿಂದ ಹೋದದ್ದು ಒಂದು ಶಾಲು ಮತ್ತು ಬಹಳ ವರ್ಷ ಜೋಪಾನ ಮಾಡಿದ್ದ ಒಂದು ಸಿಟ್ಟು. ನನ್ನ ಮನೆಯಿಂದ ಹೋದದ್ದು ಒಂದು ಬಾಣಲೆ ಉಪ್ಪಿಟ್ಟು.