ಕುಂಡೆಕುಸ್ಕನಿಗೆ ಇನ್ನೊಂದು ಹೆಸರು

ಕೆರೆಯಂಚಿನ ಬಂಡೆಯ ಮೇಲೆ ಕೂತು ಸದಾ ಬಾಲ ಕುಣಿಸುವ ಪುಟ್ಟ ಹಕ್ಕಿಗೆ ಕುಂಡೆಕುಸ್ಕ ಎಂದು ಹೆಸರಿಟ್ಟದ್ದು ಆ ಕೆರೆಯ ಮುದಿಗಪ್ಪೆ. ಕುಂಡೆ ಕುಣಿಸುವವನು ಅಂತ ಅರ್ಥ. ಇದನ್ನು ನನಗೆ ಆ ಕಪ್ಪೆಯೇ ಹೇಳಿದ್ದು, ಹಾಗಾಗಿ ಅನುಮಾನ ಬೇಡ.

ಒಂದು ಬೆಳಿಗ್ಗೆ ಹಕ್ಕಿ ಜಗಳಕ್ಕೇ ಬಂತು. "ಅಜ್ಜಾ, ನಾನು ಇಷ್ಟು ಚಂದ ಹಾಡುತ್ತೇನೆ. ನಿನ್ನ ಕಣ್ಣಿಗೆ ಬಿದ್ದದ್ದು ನನ್ನ ಹಿಂಭಾಗವೇ?"

"ನೀನು ತೋರಿಸಿದ್ದನ್ನು ನೋಡಿದೆ, ಮಾರಾಯ. ಈಗೇನಾಗಬೇಕು?"

"ಗಾನಭೂಷಣ ಅಂತ ಕರಿ."

ಕಪ್ಪೆ ಶಾಸ್ತ್ರ ಬಿಡದೆ ಹೊಸ ಹೆಸರನ್ನು ಅದರ ಕಿವಿಯಲ್ಲಿ ಮೂರು ಸಲ ಹೇಳಿತು. ಹಕ್ಕಿ ಬಂಡೆಯೇರಿ, ಕಣ್ಣು ಮುಚ್ಚಿ ಹಾಡತೊಡಗಿತು.

ಅಷ್ಟರಲ್ಲಿ ಮೇಲಿನಿಂದ ಗಿಡುಗ ಎರಗಿತು. ಕಪ್ಪೆ ಕೂಗಿತು: "ಗಾನಭೂಷಣರೇ, ಹಾರಿ! ಗಾನಭೂಷಣರೇ!"

ಹಕ್ಕಿ ಹಾಡು ನಿಲ್ಲಿಸಿ, ಆ ಮಹಾಶಯ ಯಾರಿರಬಹುದೆಂದು ಅತ್ತಿತ್ತ ನೋಡಿತು.

"ಲೋ ಕುಂಡೆಕುಸ್ಕ!"

ಹಕ್ಕಿ ಪುರ್ರನೆ ಹಾರಿತು. ಗಿಡುಗನ ಉಗುರಿಗೆ ಸಿಕ್ಕಿದ್ದು ಬಾಲದ ಎರಡು ಗರಿ ಮಾತ್ರ.

ಆಚೆ ದಡದಲ್ಲಿ ಕೂತು, ಉಳಿದ ಬಾಲವನ್ನು ಕುಣಿಸುತ್ತಾ ಹಕ್ಕಿ ಕೇಳಿತು: "ಅಜ್ಜಾ, ಆ ಗಾನಭೂಷಣ ಏನಾದ?"

"ಅವನನ್ನು ಗಿಡುಗ ಹೊತ್ತುಕೊಂಡು ಹೋಯಿತು, ಮಗಾ," ಎಂದಿತು ಕಪ್ಪೆ.