ಹೊಸ್ತಿಲು ದಾಟದ ಹಸು

ದೇವರು ಕೊಟ್ಟ ಹತ್ತಿ ವ್ಯಾಪಾರದಲ್ಲಿ ಬೆಳೆದ ರಾಚಪ್ಪ ಸಾಹುಕಾರರು ಗುಡ್ಡದ ನೆತ್ತಿಯ ಮೇಲೆ ಬಂಗಲೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಹಸು, ಕರು ಕೂಡಿ ಮೊದಲು ಒಳಗೆ ಹೋಗಬೇಕು. ಅಮೃತಶಿಲೆಯ ನೆಲ ಗಲೀಜಾದೀತೆಂದು ಸಾಹುಕಾರರು ಕರುವನ್ನು ಗುಡ್ಡದ ಕೆಳಗೇ ಕಟ್ಟಿಸಿ, ಹಸುವನ್ನಷ್ಟೇ ಹತ್ತಿಸಿ ತಂದರು. ಹಸು ಹೊಸ್ತಿಲ ಮುಂದೆ ನಿಂತುಬಿಟ್ಟಿತು.

"ಒಳಗೆ ಬಾರಮ್ಮ, ಮುಹೂರ್ತ ಮೀರುತ್ತಿದೆ. ಹತ್ತು ಊರಿಗೆ ಕಾಣುವ ಮನೆ ನಾನು," ಎಂದಿತು ಬಂಗಲೆ.

"ನೀನು ಎಲ್ಲರಿಗೂ ಕಾಣುತ್ತೀಯಪ್ಪ. ಕೆಳಗೆ ಹಸಿದು ಕೂಗುವ ನನ್ನ ಕರು ಮಾತ್ರ ನಿನಗೆ ಕಾಣುವುದಿಲ್ಲ."

"ಹಟ ಮಾಡಿದರೆ ಹೊಡೆದು ಒಳಗೆ ಅಟ್ಟುತ್ತಾರೆ."

"ಹೊಡೆಯಲಿ. ತಾಯಿಯನ್ನೂ ಮಗುವನ್ನೂ ಕೂಡಿಸಿದವನು ಭಗವಂತ. ಅವನು ಕೂಡಿಸಿದ್ದನ್ನು ಬಿಡಿಸಿ ನಾನು ಒಳಗೆ ಬರಲಾರೆ."

ಆಳು ಕೋಲಿನಿಂದ ಬಾರಿಸಿದ. ಹಸು ಅಲುಗಲಿಲ್ಲ; ಕರುವಿದ್ದ ಕಡೆಗೆ ತಿರುಗಿ ಒಮ್ಮೆ ಅಂಬಾ ಎಂದಿತು. ಅದನ್ನು ಕೇಳಿದ ಸಾಹುಕಾರರು ಕೋಲು ಕಿತ್ತೆಸೆದು, ಜರಿಪಂಚೆ ಎತ್ತಿ ಕಟ್ಟಿ ತಾವೇ ಗುಡ್ಡ ಇಳಿದರು. ಕರುವನ್ನು ಹೆಗಲ ಮೇಲೆ ಹೊತ್ತು ತಂದರು. ಅದು ಹೊಟ್ಟೆ ತುಂಬ ಹಾಲು ಕುಡಿದ ಮೇಲೆಯೇ ತಾಯಿ ಕರುವಿನೊಡನೆ ಹೊಸ್ತಿಲು ದಾಟಿತು.

ಮುಹೂರ್ತ ಮೀರಿತೆಂದು ಬಂಗಲೆ ಕೊರಗಿತು. ಊರವರು ಮಾತ್ರ ಇಂದಿಗೂ ಗುಡ್ಡದತ್ತ ಕೈಮುಗಿದು, "ಅದೇ ನೋಡಿ, ಕರುವಿನ ಮನೆ" ಎನ್ನುತ್ತಾರೆ.